ಬೋನಾಳದಿಂದ ಶಹಾಪುರಕ್ಕೆ ಮೂರು ಮೀನು

ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ವೇಳೆ ಇಷ್ಟು ಖಚಿತವಾಗಿ ಗೊತ್ತಿರುವುದು ನಾನೇ ಅದನ್ನು ಪುಸ್ತಕದಲ್ಲಿ ಬರೆದಿದ್ದರಿಂದ. ಬೋನಾಳ ಕೆರೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ವೇಳೆಯ ಕಾಲಮ್ಮಿನಲ್ಲಿ ಐದು-ನಲವತ್ತು ಎಂದು ಬರೆದು, ಮುಂದಿನ ಕಾಲಮ್ಮಿಗಾಗಿ ನೀರಿನ ಉಷ್ಣತೆ ನೋಡಲು ಬಗ್ಗಿದಾಗ ಸತ್ತ ಮೀನೊಂದು ಬಂದು ಕಾಲಿಗೆ ತಾಗಿತು. ಕೈಯಿಂದ ಸರಿಸಿದೆ. ಇನ್ನೊಂದು ಬಂತು. ತಲೆ ಎತ್ತಿ ನೋಡಿದರೆ ಕೆರೆಯ ಮೈಯೆಲ್ಲ ಬೆಳ್ಳಗಾಗಿತ್ತು. ಆ ಎರಡನೆಯ ಕಾಲಮ್ಮು ಇವತ್ತಿಗೂ ಖಾಲಿ ಇದೆ.

ನಾವು ಅಲ್ಲಿಗೆ ಹೋದದ್ದು ಏಕೆ ಎಂಬುದನ್ನು ಮೊದಲು ಹೇಳಬೇಕು. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಅದು ಎರಡನೆಯ ಬೇಸಿಗೆ. ಧಾರವಾಡದ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದ ಡಾಕ್ಟರ್ ದೇಸಾಯಿಯವರು ಸಿಹಿನೀರಿನ ಮೀನುಗಳ ಉಸಿರಾಟದ ಮೇಲೆ ಕೆಲಸ ಮಾಡುತ್ತಿದ್ದರು. ನಾನು ಅವರ ಸಹಾಯಕ, ಬಿ.ಎಸ್ಸಿ. ಮುಗಿಸಿ ಒಂದೇ ವರ್ಷವಾಗಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿ, ನೀರು ಕಾದು, ಅದರೊಳಗಿನ ಪ್ರಾಣವಾಯು ತೀರುತ್ತ ಬಂದಾಗ ಯಾವ ಮೀನು ಹೇಗೆ ಬದುಕುತ್ತದೆ? ಇದು ಅವರ ಪ್ರಶ್ನೆ. ಇದನ್ನು ಕಾಲೇಜಿನ ತೊಟ್ಟಿಯಲ್ಲಿ ನೋಡಿದರೆ ಸಾಲದು, ನಿಜವಾಗಿ ಬತ್ತುವ ಕೆರೆಯನ್ನೇ ನೋಡಬೇಕು ಎಂದು ಸುರಪುರದ ಹತ್ತಿರದ ಬೋನಾಳವನ್ನು ಆರಿಸಿದ್ದರು.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ರಾಯಚೂರು ಕಳೆದು, ಕೃಷ್ಣೆಯ ಸೇತುವೆ ದಾಟಿ ಯಾದಗಿರಿಯಲ್ಲಿ ಇಳಿದಾಗ ಬೆಳಗಿನ ಎಂಟು ಗಂಟೆ. ಆಗಲೇ ಬಂಡೆಗುಡ್ಡದ ಕಡೆಯಿಂದ ಒಲೆಯ ಬಾಯಿ ತೆರೆದಂಥ ಗಾಳಿ. ಹುಲ್ಲಿನಲ್ಲಿ ಸುತ್ತಿದ ಗಾಜಿನ ಬಾಟಲಿಗಳ ನಾಲ್ಕು ಪೆಟ್ಟಿಗೆಗಳನ್ನು ಹಮಾಲರು ಇಳಿಸುವತನಕ ಡಾಕ್ಟರರು ಉಸಿರು ಬಿಡಲಿಲ್ಲ. ಶಹಾಪುರದ ಮೋಟಾರಿಗೆ ತಲೆಗೆ ಹದಿನಾಲ್ಕು ಆಣೆ, ನಿಜಾಮರ ಕಾಲದ ‘ಹಾಲಿ’ ಎಂಬ ನಾಣ್ಯದಲ್ಲಾದರೆ ಒಂದು ರೂಪಾಯಿ. ಎರಡೂ ನಡೆಯುತ್ತಿದ್ದವು.

ಭೀಮೆಯನ್ನು ದಾಟಿದ ಮೇಲೆ ದಾರಿಯುದ್ದಕ್ಕೂ ಕೊಯ್ದ ಜೋಳದ ಕೂಳೆ, ಬಿರಿದ ಎರೆನೆಲ. ಶಹಾಪುರ ಹತ್ತಿರವಾದಂತೆ ಗುಡ್ಡದ ಸಾಲು ಅಂಗಾತ ಮಲಗಿದ ಮನುಷ್ಯನಂತೆ ಕಂಡಿತು: ಹಣೆ, ಮೂಗು, ಎದೆ, ಎಲ್ಲ. ಕಂಡಕ್ಟರ್ ನಮ್ಮ ಕಡೆ ತಿರುಗಿ, “ಮಲಗ್ಯಾನ ನೋಡ್ರಿ. ನಿಜಾಮ ಬಂದ, ಎದ್ದಿಲ್ಲ. ಮಿಲಿಟ್ರಿ ಬಂತು, ಎದ್ದಿಲ್ಲ. ಈಗ ನೀವು ಬಂದೀರಿ” ಎಂದ. ಮೋಟಾರಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಸುರಪುರದಲ್ಲಿ ಒಂದು ರಾತ್ರಿ ಧರ್ಮಶಾಲೆಯಲ್ಲಿ ತಂಗಿ, ಮರುದಿನ ಆರು ಮೈಲು ಎತ್ತಿನ ಗಾಡಿಯಲ್ಲಿ ಬೋನಾಳ ಸೇರಿದೆವು. ಊರ ಗೌಡರು ಚಾವಡಿಯ ಹಿಂದಿನ ಖೋಲಿ ಬಿಟ್ಟುಕೊಟ್ಟರು. ಕೆರೆ ಅರ್ಧಕ್ಕಿಂತ ಹೆಚ್ಚು ಬತ್ತಿತ್ತು. ಉಳಿದ ಹಸಿರು ನೀರಿನ ಸುತ್ತ ಸಾವಿರಾರು ಹಕ್ಕಿ. ಅಲ್ಲಿ ಹರಿಗೋಲು ನಡೆಸಲು, ಬಲೆ ಬೀಸಲು ಗೌಡರು ಗೊತ್ತುಮಾಡಿಕೊಟ್ಟವನೇ ಇಮಾಮಸಾಬ.

ಆತನಿಗೆ ಐವತ್ತರ ಮೇಲಾಗಿತ್ತು. ಮನೆಯಲ್ಲಿ ದಖನಿ ಮಾತು, ನಮ್ಮೊಡನೆ ಊರ ಕನ್ನಡ. ತಂದೆಯ ಕಾಲದಿಂದಲೂ ಆ ಕೆರೆಯೇ ಅವರ ಜೀವನ. ಹೆಂಡತಿ ತೀರಿಕೊಂಡಿದ್ದಳು. ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ, ಹೆಸರು ಕೇಳಿ ಮನುಷ್ಯನನ್ನು ಅಳೆಯುತ್ತಿದ್ದ ಆ ದಿನಗಳಲ್ಲಿ, ಎರಡು ತಿಂಗಳು ಆತ ಹಣಮಂತನೆಂಬ ಕುರುಬನ ಕುರಿದೊಡ್ಡಿಯಲ್ಲಿ ಅಡಗಿದ್ದನಂತೆ. ಹಣಮಂತ ದಿನಾ ಕುರಿಗೆ ನೀರು ಕುಡಿಸಲು ಕೆರೆಗೆ ಬರುತ್ತಿದ್ದ. “ಕಾಕಾ, ಇವತ್ತೆಷ್ಟು ಮೀನಿನ ಉಸಿರ ಎಣಿಸಿದ್ರು ನಿನ್ನ ಸಾಹೇಬ್ರು?” ಎಂದು ದಂಡೆಯಿಂದ ಕೂಗುತ್ತಿದ್ದ. ಇಮಾಮಸಾಬ, “ನಿನ್ನ ಕುರಿ ಎಣಿಸಾಕ ಬರಲಾರದಾವ ನೀ, ನಡೀಲೇ” ಎನ್ನುತ್ತಿದ್ದ.

ನಾವು ನಿಜವಾಗಿಯೂ ಉಸಿರು ಎಣಿಸುತ್ತಿದ್ದೆವು. ಆ ಕಡೆಯವರು ಮರಲ್ ಎನ್ನುವ ಮೀನಿದೆ, ಹಾವಿನ ತಲೆಯಂಥ ತಲೆ, ಕಪ್ಪು ಮೈ. ಅದಕ್ಕೆ ಕಿವಿರು ಸಾಲದು. ಹೊತ್ತು ಹೊತ್ತಿಗೆ ನೀರಿನ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಹೋಗಬೇಕು. ನೀರು ಕಾದಷ್ಟೂ ಬೇಗ ಬೇಗ ಬರಬೇಕು. ಕೆರೆಯ ಅಂಚಿನಲ್ಲಿ ಬಿದಿರಿನ ಪಂಜರ ನೆಟ್ಟು, ಅದರಲ್ಲಿ ಮರಲ್ ಬಿಟ್ಟು, ಗಡಿಯಾರ ಹಿಡಿದು ಎಷ್ಟು ಸಲ ಮೇಲೆ ಬಂತು ಎಂದು ನಾನು ಮೂರು ವಾರ ಬರೆದೆ. ಒಂದು ದಿನ ಡಾಕ್ಟರರು ನೀರಿನ ಮಟ್ಟದಿಂದ ಗೇಣು ಕೆಳಗೆ ಬಲೆ ಕಟ್ಟಿಸಿದರು, ಮೀನು ಮೇಲೆ ಬರದಂತೆ. ಮಧ್ಯಾಹ್ನದ ಕಾದ ನೀರಿನಲ್ಲಿ ಅದು ಬಲೆಗೆ ಮತ್ತೆ ಮತ್ತೆ ಮೂತಿ ಬಡಿದು, ನಿಧಾನವಾಗಿ, ಕೊನೆಗೆ ಮಗುಚಿಕೊಂಡಿತು. ನಾನು “ಮುಳುಗಿ ಸತ್ತಿತು” ಎಂದು ಬರೆದೆ. ಇಮಾಮಸಾಬ ತಲೆ ಅಲ್ಲಾಡಿಸಿದ: “ಮೀನನ್ನ ನೀರಾಗ ಮುಳುಗಿಸಿ ಕೊಂದಾವ್ರು ದುನಿಯಾದಾಗ ನೀವಿಬ್ಬರೇ ನೋಡ್ರಿ ಸಾಹೇಬ್ರ.”

ಆತ ಸಂತೆಯ ದಿನ ಸುರಪುರಕ್ಕೆ ಮರಲ್ ಒಯ್ಯುವುದನ್ನು ಕೂಡ ನಾನು ನೋಡಿದ್ದೆ. ಮಣ್ಣಿನ ಗಡಿಗೆಯಲ್ಲಿ ಮೀನಿನ ಹೊಟ್ಟೆ ಮುಳುಗುವಷ್ಟೇ ನೀರು, ಮೇಲೆ ಹಸಿ ಹುಲ್ಲು, ಬಾಯಿ ತೆರೆದೇ. ಆರು ಮೈಲು ನಡೆದು ಹೋದರೂ ಮೀನು ಜಿಗಿಯುತ್ತಿತ್ತು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ.

ಕೊನೆಯ ಸಂಜೆ ಮೋಡ ಕವಿದು ವಿಪರೀತ ಸೆಕೆ. ನಾನು ದಂಡೆಯ ಮೇಲೆ ಕುಳಿತು ಎಂದಿನಂತೆ ಪ್ರಾಣವಾಯುವಿನ ಪರೀಕ್ಷೆ ಮಾಡಿದೆ. ಬಾಟಲಿಯ ಕೆರೆನೀರಿಗೆ ಎರಡು ಔಷಧದ ಹನಿ ಬಿಟ್ಟರೆ ಒಳಗೆ ತುಕ್ಕಿನ ಬಣ್ಣದ ಮೋಡ ಏಳುತ್ತದೆ. ಪ್ರಾಣವಾಯು ಕಡಿಮೆಯಿದ್ದರೆ ಬಣ್ಣ ತೆಳು. ಆ ಸಂಜೆ ತೀರ ತೆಳುವಾಗಿತ್ತು. ಕುರಿಯೊಂದಿಗೆ ನಿಂತಿದ್ದ ಹಣಮಂತ, “ನೀರಿಗಿ ಏನ ಹಾಕಾಕತ್ತೀರ್ರಿ?” ಎಂದು ಕೇಳಿದ. “ಏನಿಲ್ಲ, ಪರೀಕ್ಷೆ” ಎಂದೆ. ಅಷ್ಟಕ್ಕೇ ಮುಗಿಸಿದೆ. ಐದು ನಿಮಿಷ ಕುಳಿತು ತಿಳಿಸಿ ಹೇಳಿದ್ದರೆ ಸಾಕಾಗುತ್ತಿತ್ತು. ಇಮಾಮಸಾಬ ಬಾಟಲಿಗಳನ್ನು ಕೆರೆಯಲ್ಲೇ ತೊಳೆದ. ರಾತ್ರಿ ಗುಡುಗಿ ಒಂದು ಸಣ್ಣ ಮಳೆ ಬಿದ್ದು, ದಂಡೆಯ ರಾಡಿಯೆಲ್ಲ ಕೆರೆಗೆ ಇಳಿಯಿತು.

ಬೆಳಿಗ್ಗೆ ಐದು-ನಲವತ್ತಕ್ಕೆ ನಾನು ಕಂಡದ್ದನ್ನು ಹೇಳಿದ್ದೇನೆ. ಡಾಕ್ಟರರು ಬರಿಗಾಲಲ್ಲಿ ಓಡಿಬಂದು ನೀರು ಮೂಸಿ, ಸತ್ತ ಮೀನಿನ ಕಿವಿರು ಎತ್ತಿ ನೋಡಿ, “ಉಸಿರು ಕಟ್ಟಿ ಸತ್ತಾವ. ನಿನ್ನೆ ಸಂಜೆಯ ಬಾಟಲಿ ಇದನ್ನೇ ಹೇಳಿತ್ತು” ಎಂದರು. ಗೆಂಡೆಮೀನು ಸತ್ತಿತ್ತು, ಪಕ್ಕೆಮೀನು ಸತ್ತಿತ್ತು. ಆದರೆ ಮರಲ್, ಚೇಳುಮೀನು, ಹಾವುಮೀನು, ಮೇಲೆ ಬಂದು ಗಾಳಿ ಕುಡಿಯಬಲ್ಲ ಮೀನೊಂದೂ ಸತ್ತಿರಲಿಲ್ಲ. ಅವರ ಮುಖದಲ್ಲಿ ಒಂದು ಕ್ಷಣ ಹುಡುಕಿದ್ದು ಸಿಕ್ಕಿದವನ ಸಂತೋಷವೇ ಕಂಡಿತು. ಆಗ ದಂಡೆಯ ಮೇಲೆ ಜನ ಬರತೊಡಗಿದರು.

ಮೊದಲು ಹತ್ತು, ಆಮೇಲೆ ನೂರು. ಕುಡಿಯುವ ನೀರು, ಕುರಿಯ ನೀರು, ಎಲ್ಲ ಆ ಕೆರೆಯದೇ. “ವಿಷ ಹಾಕ್ಯಾರ” ಎಂದು ಒಂದು ಹೆಂಗಸು ಕೂಗಿದಳು. ಇಮಾಮಸಾಬ ಹರಿಗೋಲಿನಲ್ಲಿ ಸತ್ತ ಮೀನು ತುಂಬುತ್ತ ಕೆರೆಯ ನಡುವೆ ಇದ್ದ. ಏನಾಗುತ್ತಿದೆ ಎಂದು ತಿಳಿಯದೆ ತಾನಾಗಿಯೇ ದಂಡೆಗೆ ಹುಟ್ಟುಹಾಕಿಕೊಂಡು ಬಂದ. ನಾಲ್ಕು ಕೈಗಳು ಅವನನ್ನು ಎಳೆದು ರಾಡಿಯಲ್ಲಿ ಕೆಡವಿದವು.

ಕೊಡಲಿ ಎತ್ತಿದವನು ಹಣಮಂತ. ಆತ ಅಳುತ್ತಿದ್ದ. “ನಿನ್ನ ಉಳಿಸಿದ್ದು ಇದಕ್ಕೇನು ಕಾಕಾ? ನನ್ನ ದೊಡ್ಯಾಗ ಮುಚ್ಚಿಟ್ಟು ರೊಟ್ಟಿ ಹಾಕಿದ್ದು ಇದಕ್ಕೇನು? ನಿನ್ನೆ ಸಂಜಿಗಿ ನೀ ಬಾಟ್ಲಿ ತೊಳಿಯೂದು ನಾ ಕಣ್ಣಾರೆ ನೋಡೀನಿ.”

“ಹಣಮಾ, ಆ ಬಾಟ್ಲ್ಯಾಗ ಕೆರಿ ನೀರೇ ಇತ್ತಲೇ” ಎಂದ ಇಮಾಮಸಾಬ, ಬಿದ್ದಲ್ಲಿಂದಲೇ.

ಕೊಡಲಿ ಮೇಲೆ ಹೋದದ್ದಕ್ಕೂ ಗೌಡರು ಓಡಿಬಂದು ಅದರ ಕಾವು ಹಿಡಿದದ್ದಕ್ಕೂ ನಡುವೆ ಎಷ್ಟು ಹೊತ್ತಾಯಿತೆಂದು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ನನಗೂ ಇಮಾಮಸಾಬನಿಗೂ ಇದ್ದ ಅಂತರ ಹತ್ತು ಹೆಜ್ಜೆ. ನಾನು ಉಷ್ಣಮಾಪಕ ಹಿಡಿದು ನಿಂತೇ ಇದ್ದೆ. ಈಗಲೂ ಆ ಹತ್ತು ಹೆಜ್ಜೆಗಳನ್ನು ನಡೆಯಲು ನೋಡುತ್ತೇನೆ, ಕಾಲು ಏಳುವುದಿಲ್ಲ.

ಗೌಡರು ಇಮಾಮಸಾಬನನ್ನು ಚಾವಡಿಯಲ್ಲಿ ಕೂಡಿಹಾಕಿ ತಾವೇ ಬಾಗಿಲಿಗೆ ಕುಳಿತರು. ಒಂಬತ್ತು ಗಂಟೆಗೆ ಸುರಪುರದಿಂದ ಜಮಾದಾರ ಇಬ್ಬರು ಪೊಲೀಸರೊಡನೆ ಬಂದ. ಡಾಕ್ಟರರು ಜನರ ಮುಂದೆ ಕೈ ಜೋಡಿಸಿ ಹೇಳಿದರು: “ವಿಷ ಹಾಕಿದ್ರ ಎಲ್ಲಾ ಮೀನೂ ಸಾಯಬೇಕು. ಮರಲ್ ಯಾಕ ಸತ್ತಿಲ್ಲ, ನೀವೇ ನೋಡ್ರಿ. ಗಾಳಿ ಕುಡಿಯೋ ಮೀನು ಉಳದದ, ಬಾಕಿ ಎಲ್ಲಾ ಸತ್ತಾವ. ಮನುಷ್ಯಾ ಮಾಡಿದ್ದಲ್ಲ ಇದು.”

ಗೌಡರು ಯೋಚಿಸಿ, “ನನಗ ಒಪ್ಪಿಗಿ ಆಗ್ತದ್ರಿ. ಖರೇ, ನಾ ಒಪ್ಪಿದ್ರ ಮುಗೀಲಿಲ್ಲ. ಶಹಾಪುರದಾಗ ಪೊಲೀಸ್ ದೊಡ್ಡ ಸಾಹೇಬ್ರ ಕ್ಯಾಂಪ್ ಅದ. ಅವರ ಕಣ್ಣಿಗಿ ಜೀವಂತ ಮರಲ್ ತೋರಸ್ರಿ. ಅವರು ಬಿಟ್ಟಾರಂದ್ರ ಊರವ್ರನ್ನ ನಾ ಸಂಭಾಳಸ್ತೀನಿ” ಎಂದರು. ಹಣಮಂತ ಕೊಡಲಿ ಇಲ್ಲದ ಕೈಯಿಂದ ಮುಖ ಒರೆಸಿಕೊಂಡು, “ಮೀನ ಬದುಕಿದ್ರ ಕಾಕಾನ ಕಾಲ ಹಿಡೀತೀನಿ” ಎಂದ. ಹೀಗೆ ಒಬ್ಬ ಮನುಷ್ಯನ ಬದುಕು ಮೂರು ಮೀನುಗಳ ಮೇಲೆ ನಿಂತಿತು.

ದಾರಿಯಲ್ಲಿ ಏನಾದರೂ ಆದೀತೆಂದು ಡಾಕ್ಟರರು ಇಮಾಮಸಾಬನ ಜೊತೆ ಮೊದಲ ಗಾಡಿಯಲ್ಲಿ ಹೊರಟರು. ನನಗೆ ಹೇಳಿದ್ದು ಒಂದೇ ಮಾತು: “ಗುರುನಾಥ, ಮೂರು ಮರಲ್ ತಗೊಂಡು ಜಮಾದಾರನ ಜೊತೆ ಬಾ. ಜೀವಂತ ಇರಬೇಕು.” ನಾನು ಪಂಜರದಿಂದ ಮೂರನ್ನು ಹಿಡಿದು ಗಡಿಗೆಯಲ್ಲಿ ಬಿಟ್ಟೆ. ನೀರು ಅರ್ಧಕ್ಕೆ ಹಾಕಿದ್ದೆ. ಅಲ್ಲಿಯತನಕ ಎಲ್ಲ ಸರಿಯಾಗಿಯೇ ಇತ್ತು.

ಸುರಪುರದ ಆರು ಮೈಲಿನ ಕಲ್ಲುದಾರಿಯಲ್ಲಿ ಗಾಡಿ ಕುಲುಕಿದಂತೆ ನೀರು ಚೆಲ್ಲುತ್ತ ಬಂತು. ಬಿಸಿಲು ನೆತ್ತಿಗೆ ಬಂದಿತ್ತು. ನನ್ನ ಬಾಯಿ ಒಣಗಿ ನಾಲಗೆ ಅಂಟುತ್ತಿತ್ತು. ಕ್ಷಣಕ್ಕೊಮ್ಮೆ ಗಡಿಗೆಯಲ್ಲಿ ಇಣುಕಿ, ಇನ್ನಿಷ್ಟು ಕಡಿಮೆಯಾಯಿತು, ಇನ್ನಿಷ್ಟು ಎಂದು ಹೆದರುತ್ತಿದ್ದೆ. ಸುರಪುರ ಮುಟ್ಟಿದಾಗ ತಳದಲ್ಲಿ ನಾಲ್ಕು ಬೆರಳು ನೀರು ಉಳಿದಿತ್ತು. ಮೀನುಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಇಮಾಮಸಾಬ ನೋಡಿದ್ದರೆ ಬೇಕಾದಷ್ಟಾಯಿತು ಎನ್ನುತ್ತಿದ್ದ.

ಮೋಟಾರು ನಿಲ್ಲುವಲ್ಲಿ ಬಾವಿಯಿತ್ತು. ನೀರು ಸೇದುತ್ತಿದ್ದ ಹೆಂಗಸೊಬ್ಬಳು ನನಗೆ ಕುಡಿಯಲು ಬೊಗಸೆಗೆ ಸುರಿದು, ಗಡಿಗೆಯಲ್ಲಿ ಇಣುಕಿ, “ಅಯ್ಯ ಶಿವನ, ಜೀವ ಅದಾವಲ್ಲೋ ಯಪ್ಪಾ. ನೀ ಅಷ್ಟೇ ಕುಡದ್ರ ಹೆಂಗ?” ಎಂದು ಬಿಂದಿಗೆ ಬಗ್ಗಿಸಿದಳು. ತಣ್ಣನೆಯ ನೀರು ಕಂಠದವರೆಗೆ ಏರಿತು. ಮೀನುಗಳು ಕೆಳಗೆ ಇಳಿದು ಕಾಣದಾದವು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಕಣ್ಣಲ್ಲಿ ನೀರು ಬಂತು. “ಇನ್ನೊಂಚೂರು ಹಾಕಬೇ” ಎಂದೆ. ಬಾಯಿತನಕ ತುಂಬಿಸಿದಳು.

ಜಮಾದಾರ ಬೀಡಿ ಮುಗಿಸಿ ಬಂದ. “ಮುದ್ದೇಮಾಲು ಹಿಂಗ ಬಾಯಿ ತಕ್ಕೊಂಡು ಒಯ್ಯಾಕ ಬರಂಗಿಲ್ರಿ. ನಡು ದಾರ್ಯಾಗ ನೀವು ಮೀನ ಬದಲಿ ಮಾಡಿದ್ರಿ ಅಂತ ನಾಳಿಗಿ ಯಾರರ ಅಂದ್ರ? ಮೊಹರು ಆಗಬೇಕು.” ಸಾಕ್ಷಿಯ ವಸ್ತುವಿಗೆಲ್ಲ ಮೊಹರು ಹಾಕುವುದು ಅವರ ಕಾಯಿದೆ. ಗಡಿಗೆಗೆ ಮುಚ್ಚಳ ಇಟ್ಟು, ಸುತ್ತ ಹಸಿಮಣ್ಣು ಮೆತ್ತಿ, ಮೇಲೆ ಅರಿವೆ ಬಿಗಿದು, ಗಂಟಿನ ಮೇಲೆ ಅರಗು ಕರಗಿಸಿ ಒತ್ತಿದ. ಇಬ್ಬರು ಪಂಚರ ಸಹಿ ಹಾಕಿಸಿದ. ನಾನೂ ಸಹಿ ಹಾಕಿದೆ. ಮೂರು ವಾರ ಆ ಮೀನಿನ ಉಸಿರು ಎಣಿಸಿದ ಕೈ ಅದೇ. ಆ ಹೊತ್ತಿನಲ್ಲಿ ನನಗೆ ಗೊತ್ತಿದ್ದದ್ದು ಒಂದೇ, ಮೀನಿಗೆ ನೀರು ಬೇಕು. ಏನೂ ಓದದವನಿಗೆ ಗೊತ್ತಿರುವಷ್ಟು.

ಮಧ್ಯಾಹ್ನದ ಮೋಟಾರು ಹಿಡಿದೆವು. ಸಗರದ ಹತ್ತಿರ ಗಾಲಿ ಪಂಕ್ಚರ್ ಆಗಿ ಒಂದೂವರೆ ತಾಸು ಬೇವಿನ ನೆರಳಿನಲ್ಲಿ ಕುಳಿತೆವು. ಪಕ್ಕದ ಹೊಲದ ರೈತ ಮಜ್ಜಿಗೆ ತಂದುಕೊಟ್ಟ. ನಾನು ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೈಗೆ ಕೈ ಹಚ್ಚಿ ಕುಳಿತಿದ್ದೆ. ಒಳಗಿನಿಂದ ಮುಚ್ಚಳಕ್ಕೆ ಟಕ್, ಟಕ್ ಎಂದು ಬಡಿಯುವುದು ಕೇಳುತ್ತಿತ್ತು. “ಅದಾವ್ರಿ, ಒಳಗ ಚಲೋ ಅದಾವ” ಎಂದ ಜಮಾದಾರ. ನಾನೂ ನಕ್ಕು ಹೌದೆಂದೆ. ಆ ಸದ್ದು ನನಗೆ ಆಸರೆಯಾಗಿತ್ತು. ಸ್ವಲ್ಪ ಹೊತ್ತಿಗೆ ನಿಂತಿತು. ಮಲಗಿರಬೇಕು ಎಂದುಕೊಂಡೆ.

ಶಹಾಪುರದ ಕ್ಯಾಂಪಿನಲ್ಲಿ ಡೇರೆಯ ಮುಂದೆ, ಕೈಗೆ ಬೇಡಿ ಹಾಕಿಸಿಕೊಂಡು ಇಮಾಮಸಾಬ ಡೇರೆಯ ಗೂಟಕ್ಕೆ ಒರಗಿ ಕುಳಿತಿದ್ದ. ಡಾಕ್ಟರರು ಡೇರೆಯ ಒಳಗೆ ಹೇಳಿಕೆ ಕೊಡುತ್ತಿದ್ದರು. ಅಧಿಕಾರಿ ಒಳ್ಳೆಯ ಮನುಷ್ಯ, ಕೇಳಿಸಿಕೊಳ್ಳುತ್ತಿದ್ದ, ನಡುನಡುವೆ ಪ್ರಶ್ನೆ ಕೇಳುತ್ತಿದ್ದ. ಗಡಿಗೆ ಬಂದದ್ದನ್ನು ನೋಡಿ ಇಮಾಮಸಾಬನ ಮುಖ ಅರಳಿತು. ಆಮೇಲೆ ಅವನ ಕಣ್ಣು ಮಣ್ಣು ಮೆತ್ತಿದ ಮುಚ್ಚಳದ ಮೇಲೆ ನಿಂತಿತು. ಜಮಾದಾರ ಮೊಹರು ಒಡೆದು, ತಾಮ್ರದ ಬೋಗುಣಿಗೆ ಗಡಿಗೆ ಬಗ್ಗಿಸಿದ. ನೀರು ಬೋಗುಣಿ ತುಂಬಿ, ಹೊರಚೆಲ್ಲಿ, ಇಮಾಮಸಾಬನ ಕಾಲತನಕ ಹರಿಯಿತು. ಹಿಂದಿನಿಂದ ಮೂರು ಮೀನು ಜಾರಿ ಬಿದ್ದವು. ಮೂರೂ ಹೊಟ್ಟೆ ಮೇಲೆ ಮಾಡಿದ್ದವು.

ಸದ್ದು ಕೇಳಿ ಅಧಿಕಾರಿ ಮತ್ತು ಡಾಕ್ಟರರು ಹೊರಗೆ ಬಂದಾಗ ಚೆಲ್ಲಿದ ನೀರನ್ನು ನೆಲ ಕುಡಿದಾಗಿತ್ತು. “ಇವೂ ಸತ್ತಾವಲ್ರಿ ಡಾಕ್ಟರ್” ಎಂದ ಅಧಿಕಾರಿ. ಡಾಕ್ಟರರು ಬಗ್ಗಿ ಒಂದು ಮೀನನ್ನು ಎತ್ತಿ, ಬಹಳ ಹೊತ್ತು ಹಿಡಿದು ನಿಂತರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲನೆ ಕೇಳಿದರು: “ಗಡಿಗೆಯಲ್ಲಿ ನೀರು ಎಷ್ಟಿತ್ತು?”

“ಅರ್ಧ” ಎಂದೆ.

ಅರ್ಧ ಹಾಕಿದ್ದೂ ನಿಜವಿತ್ತು, ಬೋನಾಳದಲ್ಲಿ. ಕಾರಣ ನಾಚಿಕೆ, ಹೆದರಿಕೆ, ಬೆಳಗಿನಿಂದ ಉಪವಾಸ, ಏನು ಬೇಕಾದರೂ ಅನ್ನಬಹುದು. ಜಮಾದಾರ ತನ್ನ ಕಾಗದ ನೋಡುತ್ತಿದ್ದ, ಕೇಳಿಸಿಕೊಳ್ಳಲಿಲ್ಲ. ಇಮಾಮಸಾಬ ಕೇಳಿಸಿಕೊಂಡ. ತನ್ನ ಒದ್ದೆಯಾದ ಕಾಲನ್ನು ನೋಡಿ, ಆಮೇಲೆ ನನ್ನನ್ನು ನೋಡಿದ.

“ಇನ್ನೂ ನೀವು ವಿಷ ಇಲ್ಲ ಅಂತೀರಾ?” ಎಂದು ಅಧಿಕಾರಿ ಕೇಳಿದ.

ಡಾಕ್ಟರ್ ದೇಸಾಯಿಯವರು ಜೀವನದಲ್ಲಿ ತಮಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದವರಲ್ಲ. ಗಡಿಗೆಯಲ್ಲಿ ಅರ್ಧ ಗಾಳಿ ಇದ್ದೂ ಮೂರು ಮರಲ್ ಸತ್ತಿದ್ದರೆ ಅವರ ಇಡೀ ವಾದ ಬಿದ್ದುಹೋಗುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, “ಈಗ ಪ್ರಮಾಣ ಮಾಡಿ ಹೇಳಲಾರೆ” ಎಂದರು. ಅದೇ ಮಾತು ಕಾಗದದ ಮೇಲೆ ಬಂತು. ಕೆರೆಯ ನೀರು ಪರೀಕ್ಷೆಗೆ ಹೈದರಾಬಾದಿಗೆ, ಇಮಾಮಸಾಬ ಕಲಬುರ್ಗಿಯ ಜೇಲಿಗೆ.

ಆ ರಾತ್ರಿ ಡಾಕ್ಟರರು ಊಟ ಮಾಡಲಿಲ್ಲ. ನಾನು ಮಾಡಿದೆ, ಅದೂ ನೆನಪಿದೆ. ಬೆಳಿಗ್ಗೆ ಅದೇ ಮೋಟಾರಿನಲ್ಲಿ ಯಾದಗಿರಿಗೆ ಹೊರಟೆವು. ಹಿಂದಿನ ಬೆಂಚಿನ ಮೇಲೆ ಇಬ್ಬರು ಪೊಲೀಸರ ನಡುವೆ ಇಮಾಮಸಾಬ. ಮಲಗಿದ ಗುಡ್ಡ ಕಿಟಕಿಯಲ್ಲಿ ಬಹಳ ಹೊತ್ತು ಜೊತೆಗೆ ಬಂತು. ಕಂಡಕ್ಟರ್ ಬೇರೆಯವನು.

ಯಾದಗಿರಿಯ ಸ್ಟೇಷನ್ನಿನಲ್ಲಿ ಕಲಬುರ್ಗಿಯ ಗಾಡಿ ಒಂದು ತಾಸು ತಡವಿತ್ತು. ಡಾಕ್ಟರರು ದೂರದ ಬೆಂಚಿನ ಮೇಲೆ ಪೆಟ್ಟಿಗೆಗಳ ಹತ್ತಿರ ಕುಳಿತರು. ನಾನು ಚಹಾ ತಂದು ಪೊಲೀಸರಿಗೂ ಇಮಾಮಸಾಬನಿಗೂ ಕೊಟ್ಟೆ. ಬೇಡಿಯ ಕೈಯಲ್ಲಿ ಕಪ್ಪು ಹಿಡಿದು ಆತ ಒಂದು ಗುಟುಕು ಕುಡಿದು, ತಗ್ಗಿದ ದನಿಯಲ್ಲಿ ಕೇಳಿದ:

“ಯಾರು ತುಂಬಿಸಿದ್ರಿ?”

“ನಾನೇ. ಸುರಪುರದ ಬಾವ್ಯಾಗ.”

“ಹೂಂ.” ಇನ್ನೊಂದು ಗುಟುಕು. “ಜೀವ ಉಳೀಲಿ ಅಂತ ತುಂಬಿಸಿದ್ರಿ. ಅದು ನನಗ ತಿಳೀತದ.”

“ನಿನ್ನೆ ಅಲ್ಲೇ ಯಾಕ ಹೇಳಲಿಲ್ಲ ನೀನು? ನೀರು ನಿನ್ನ ಕಾಲಿಗೇ ಬಂದಿತ್ತಲ್ಲ.”

ಆತ ನನ್ನನ್ನು ಏನೂ ಅರಿಯದ ಮಗುವನ್ನು ನೋಡುವಂತೆ ನೋಡಿದ. “ಸಣ್ಣ ಸಾಹೇಬ್ರ, ನಾ ಹೇಳಿದ್ರ ಅದು ಸುಳ್ಳಾಗತಿತ್ತು. ನೀವು ಹೇಳಿದ್ರ ಖರೇ ಆಗತಿತ್ತು. ಅದಕ್ಕ ನಿಮ್ಮ ಬಾಯಿ ನೋಡಕೋತ ಕುಂತೆ.”

ನಾನು ಎದ್ದು ಬೆಂಚಿನ ಹತ್ತಿರ ಹೋಗಿ ಡಾಕ್ಟರರಿಗೆ ಎಲ್ಲ ಹೇಳಿದೆ. ಬಾವಿ, ಬಿಂದಿಗೆ, ಸಗರದ ಬೇವಿನ ಕೆಳಗೆ ಕೇಳಿದ ಟಕ್ ಟಕ್. ಅವರು ಬಯ್ಯಲಿಲ್ಲ. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಖಾಲಿ ಹಾಳೆ ಹರಿದು ಹೊಸ ಹೇಳಿಕೆ ಬರೆದರು. ನನ್ನ ಸಹಿಯನ್ನೂ ಹಾಕಿಸಿದರು. ಅಷ್ಟರಲ್ಲಿ ಗಾಡಿ ಬಂತು. ಅವರು ಓಡುತ್ತ ಹೋಗಿ ಕಾಗದವನ್ನು ಪೊಲೀಸನ ಕೈಗೆ ಕೊಟ್ಟರು. “ಹೇಳಿಕಿ ಮುಗದಾವಲ್ರಿ. ಇದನ್ನ ಯಾರಿಗಿ ಕೊಡ್ಲಿ?” ಎಂದು ಅವನು ಅದನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ. ಗಾಡಿ ಹೊರಟಾಗ ಇಮಾಮಸಾಬ ಕಿಟಕಿಯಿಂದ ನಮ್ಮನ್ನು ನೋಡಲಿಲ್ಲ. ಖಾಲಿ ಕಪ್ಪು ಅವನ ಕೈಯಲ್ಲೇ ಉಳಿದಿತ್ತು.

ಡಾಕ್ಟರರು ಬೆಂಚಿಗೆ ಮರಳಿ, ನನ್ನ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಮೂರು ವಾರದ ಎಣಿಕೆ. “ಗುರುನಾಥ, ಇದರೊಳಗ ಇನ್ನೆಲ್ಲಿ ಅರ್ಧ ಅಂತ ಬರೆದೀ?” ಎಂದು ಕೇಳಿದರು. ಎಲ್ಲಿಯೂ ಇಲ್ಲ ಎಂದೆ. ಅದು ನಿಜ. ಅವರು ತಲೆಯಾಡಿಸಿ ಪುಸ್ತಕ ಮುಚ್ಚಿದರು. ಆ ಅಂಕಿಗಳನ್ನು ಅವರು ಎಂದೂ ಉಪಯೋಗಿಸಲಿಲ್ಲ. ನನ್ನನ್ನು ಧಾರವಾಡದ ಗಾಡಿ ಹತ್ತಿಸಿ, ತಾವು ಹೇಳಿಕೆಯ ಇನ್ನೊಂದು ಪ್ರತಿ ಹಿಡಿದು ಕಲಬುರ್ಗಿಗೆ ಹೋದರು. ಅಲ್ಲಿ ಎಷ್ಟು ಬಾಗಿಲು ತಟ್ಟಿದರೋ, ನನಗೆ ಹೇಳಲಿಲ್ಲ.

ಮನೆಗೆ ಬಂದ ಮೇಲೆ ನಾನು ನಿದ್ದೆ ಕಳೆದುಕೊಂಡೆ. ಹೇಗೆ ಮಲಗಿದರೂ ಐದು-ನಲವತ್ತಕ್ಕೆ ಎಚ್ಚರ. ಕೊಡಲಿ ಮೇಲೆ ಹೋಗುತ್ತದೆ, ನಾನು ನಿಂತಿರುತ್ತೇನೆ. ಇಲ್ಲವೇ ತೊಡೆಯ ಮೇಲೆ ಗಡಿಗೆ ಇರುತ್ತದೆ, ಒಳಗೆ ಬಡಿತ. ತಾಯಿ ತುಂಬಿದ ಕೊಡ ಇಳಿಸುವ ಸದ್ದಿಗೆ ಕೂಡ ಎದ್ದು ಕೂಡುತ್ತಿದ್ದೆ. ಮಳೆಗಾಲ ಬಂತು. ಕೆರೆಗಳೆಲ್ಲ ತುಂಬಿದವು ಎಂದು ಜನ ಸಂತೋಷಪಟ್ಟರು.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಡಾಕ್ಟರರು ನನ್ನನ್ನು ಕರೆದು ಒಂದು ಕಾರ್ಡು ಕೈಗಿತ್ತರು. ಬೋನಾಳದ ಗೌಡರು ಬರೆದದ್ದು. ಹೈದರಾಬಾದಿನ ವರದಿಯಲ್ಲಿ ವಿಷವಿಲ್ಲ ಎಂದು ಬಂದಿತ್ತು. ಇಮಾಮಸಾಬನನ್ನು ಬಿಟ್ಟಿದ್ದರು. ಆದರೆ ಆತ ಬೋನಾಳಕ್ಕೆ ಕಾಲಿಡಲಿಲ್ಲ. ತಿಂಥಣಿಯಲ್ಲಿ ತಂಗಿಯ ಮನೆಯಲ್ಲಿದ್ದು, ಮೌನೇಶ್ವರನ ಗುಡಿಗೆ ಬರುವ ಜನರನ್ನು ಹರಿಗೋಲಿನಲ್ಲಿ ಕೃಷ್ಣೆ ದಾಟಿಸುತ್ತಿದ್ದ. ಬಲೆ ಮುಟ್ಟುವುದಿಲ್ಲ. ಹಣಮಂತ ಹೋಗಿ ಕಾಲು ಹಿಡಿದನಂತೆ. ಇಮಾಮಸಾಬ ಎಬ್ಬಿಸಿ, ರೊಟ್ಟಿ ಉಣಿಸಿ, ಹಿಂದಕ್ಕೆ ಕಳಿಸಿದನಂತೆ. ಕೆರೆಗೆ ಮಾತ್ರ ಬರುವುದಿಲ್ಲ ಎಂದನಂತೆ.

ಕಾರ್ಡಿನ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಲಾಗಿ, ಇನ್ನೆರಡು ಸಾಲು ಇದ್ದವು. ಇಮಾಮಸಾಬ ಹೇಳಿದ್ದನ್ನು ಗೌಡರು ಹೇಳಿದಂತೆಯೇ ಬರೆದಿದ್ದರು: “ಸಣ್ಣ ಸಾಹೇಬ್ರು ಈ ಕಡಿ ಬಂದ್ರ ಹೊಳಿ ದಾಟಸ್ತೀನಿ. ಗಡಿಗಿ ಮಾತ್ರ ತರಬ್ಯಾಡ ಅನ್ರಿ.”

ಅದನ್ನು ಎಷ್ಟು ಸಲ ಓದಿದೆನೋ. ಅದು ಕ್ಷಮೆಯೋ, ಚುಚ್ಚುಮಾತೋ, ಇಂದಿಗೂ ಹೇಳಲಾರೆ. ನಾನು ಆ ಕಡೆ ಇನ್ನೂ ಹೋಗಿಲ್ಲ. ಆ ದಿನ ಸಂಜೆ ಬೇಗ ಉಂಡು, ಕಾರ್ಡನ್ನು ದಿಂಬಿನ ಕೆಳಗಿಟ್ಟು ಮಲಗಿದೆ. ಕಣ್ಣು ಬಿಟ್ಟಾಗ ಅಂಗಳದಲ್ಲಿ ಬಿಸಿಲು ಬಿದ್ದಿತ್ತು, ಗೋಡೆಯ ಗಡಿಯಾರ ಏಳೂಕಾಲು ತೋರಿಸುತ್ತಿತ್ತು. ಐದು-ನಲವತ್ತು ನನ್ನನ್ನು ಎಬ್ಬಿಸದೆ ಹೋಗಿತ್ತು.